ಬೀಗತಿ ತೊಳೆದ ಶಾಲೆಯ ಗಂಟೆ

ನಮ್ಮ ಬೀಗತಿ ನೀಲಾಂಬಿಕಾ ಅವರ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನ್ನಂಥವನಿಗೆ ಸುಲಭದ ಕೆಲಸವಲ್ಲ. ಅವರ ಮಗಳು ಜಯಶೀಲಾಳನ್ನು ನನ್ನ ಮಗ ಬಸವೇಶನಿಗೆ ತಂದುಕೊಂಡ ದಿನದಿಂದ ನಾವಿಬ್ಬರೂ ಒಬ್ಬರ ಕಾಲನ್ನು ಒಬ್ಬರು ಎಳೆಯುತ್ತಲೇ ಬಂದಿದ್ದೇವೆ. ಬೀಗರೆಂದರೆ ಹಾಗೇ ಇರಬೇಕು. ಇಲ್ಲದಿದ್ದರೆ ಮದುವೆಯಾಗಿದೆ ಎಂದು ಯಾರಿಗೆ ಗೊತ್ತಾಗಬೇಕು? ಆದರೆ 2018ರ ಜೂನ್ ತಿಂಗಳ ಒಂದು ಶನಿವಾರ ಟೊರಾಂಟೊದ ಸ್ಕಾರ್‌ಬರೋದಲ್ಲಿರುವ ಪೆಂಬರ್‌ಲೀ ಪಬ್ಲಿಕ್ ಸ್ಕೂಲಿನ ಜಿಮ್ಮಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ಮೇಲೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುತ್ತಿಲ್ಲ. ಹುಬ್ಬಳ್ಳಿ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದವನಿಗೆ ಆ ಅಭ್ಯಾಸ ಮೊದಲೇ ಇಲ್ಲ. ನನ್ನ ಮಾತಿನಲ್ಲಿ ಅರ್ಧ ಸುಳ್ಳು ಇರುತ್ತದೆ ಎಂದು ಮೊಮ್ಮಗಳು ಸೌಮ್ಯಾ ಹೇಳುತ್ತಾಳೆ. ಅದೇ ದೊಡ್ಡ ಸುಳ್ಳು. ಕಾಲು ಭಾಗಕ್ಕಿಂತ ಹೆಚ್ಚು ಎಂದೂ ಇರುವುದಿಲ್ಲ. ಇಲ್ಲಿ ಎಮ್ಮೆ ಬರುವ ಜಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜವೆಂದೇ ಓದಿಕೊಳ್ಳಿ.

ಮೊದಲು ಶಾಲೆಯ ವಿಷಯ. ಪೆಂಬರ್‌ಲೀ ಶಾಲೆ 1918ರಲ್ಲಿ ಶುರುವಾದಾಗ ಅದರ ಸುತ್ತ ಇದ್ದದ್ದು ಬರೀ ಹೊಲ. ಕೆಂಪು ಇಟ್ಟಿಗೆಯ ಎರಡು ಕೋಣೆ, ಒಂದು ಕಟ್ಟಿಗೆಯ ಒಲೆ, ಒಬ್ಬರು ಟೀಚರಮ್ಮ. ಒಂದು ಬಾಗಿಲ ಮೇಲೆ ‘ಬಾಯ್ಸ್’, ಇನ್ನೊಂದರ ಮೇಲೆ ‘ಗರ್ಲ್ಸ್’ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಈಗ ಎಲ್ಲರೂ ಎರಡೂ ಬಾಗಿಲಲ್ಲಿ ಓಡಾಡುತ್ತಾರೆ; ನಾನೊಬ್ಬ ಮಾತ್ರ ತಲೆಯೆತ್ತಿ ಓದಿಕೊಂಡೇ ಒಳಗೆ ಕಾಲಿಡುತ್ತೇನೆ. ಕಂಡಕ್ಟರನಿಗೆ ಲೇಡೀಸ್ ಸೀಟಿನ ಹೆದರಿಕೆ ಸಾಯುವತನಕ ಹೋಗುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಹೊಲಗಳಲ್ಲಿ ಮನೆಗಳೆದ್ದವು, ಮನೆಗಳಲ್ಲಿ ಮಕ್ಕಳಾದವು, ಶಾಲೆಗೊಂದು ಉದ್ದನೆಯ ಬಾಲ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮರು ‘ಗೋಡೆ ಇದ್ದರೆ ಮಕ್ಕಳ ಬುದ್ಧಿ ಬೆಳೆಯುವುದಿಲ್ಲ’ ಎಂದರಂತೆ. ಸರಿ, ಗೋಡೆಯಿಲ್ಲದ ಕ್ಲಾಸುಗಳ ಇನ್ನೊಂದು ಭಾಗ ಎದ್ದಿತು. ಈ ಕಡೆಯ ಟೀಚರು ಏಳೆಂಟಲ ಎಷ್ಟು ಎಂದು ಕೇಳಿದರೆ ಆ ಕಡೆಯ ಭೂಗೋಳದ ಹುಡುಗ ಎದ್ದು ನಿಂತು ‘ಒಟ್ಟಾವಾ’ ಎನ್ನುತ್ತಿದ್ದ. ಕೆಲವು ವರ್ಷ ತಡೆದುಕೊಂಡು ಮತ್ತೆ ಗೋಡೆ ಎಬ್ಬಿಸಿದರು. ಆಮೇಲೂ ಜಾಗ ಸಾಲದೆ ಹಿಂದಿನ ಮೈದಾನದಲ್ಲಿ ಪೋರ್ಟಬಲ್ ಎನ್ನುವ ಡಬ್ಬಿಯಂಥ ಕೋಣೆಗಳನ್ನು ತಂದಿಟ್ಟರು. ತಾತ್ಕಾಲಿಕ ಎಂದು ತಂದದ್ದು. ಅವುಗಳಲ್ಲಿ ಕಲಿತವರ ಮಕ್ಕಳು ಈಗ ಅಲ್ಲೇ ಕಲಿಯುತ್ತಿದ್ದಾರೆ.

ಮಕ್ಕಳೂ ಬದಲಾಗುತ್ತ ಹೋದರು. ಮೊದಲು ಇಂಗ್ಲಿಷರು, ಸ್ಕಾಟಿಷರು. ಆಮೇಲೆ ಇಟಲಿ, ಗ್ರೀಸಿನವರು. ಆಮೇಲೆ ಜಮೈಕಾ, ಚೀನಾ, ಗಯಾನಾ. ಆಮೇಲೆ ಸಿಲೋನಿನ ತಮಿಳರು, ಕೊನೆಗೆ ನಮ್ಮಂಥವರು. 1998ರಲ್ಲಿ ಟೊರಾಂಟೊ ಸೀಮೆಯ ಆರು ಶಾಲಾ ಬೋರ್ಡುಗಳನ್ನು ಸೇರಿಸಿ ಒಂದೇ ದೊಡ್ಡ ಬೋರ್ಡು ಮಾಡಿದರು. ಬಾಗಿಲಿಗೆ ಹೊಸ ಬೋರ್ಡು ಬಂತೇ ಹೊರತು ಬಾಗಿಲು ಮುಚ್ಚಲಿಲ್ಲ. ಯಾರು ಬಂದರೂ ‘ನಿನ್ನ ಅಪ್ಪ ಯಾರು, ಕೈಲಿ ಏನಿದೆ’ ಎಂದು ಕೇಳದೆ ಒಳಗೆ ಕರೆದುಕೊಂಡ ಶಾಲೆ ಅದು. ನನ್ನ ಸೊಸೆ ಅಲ್ಲಿ ಓದಿದಳು, ಮೊಮ್ಮಗಳು ಅಲ್ಲೇ ಓದುತ್ತಿದ್ದಾಳೆ. ವಯಸ್ಸಾದ ಮೇಲೆ ಮಗನ ಮನೆಗೆ ಬಂದ ನಾನು ಮಾತ್ರ ಓದಿದ್ದು ಕುಂದಗೋಳದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ. ಆ ಮಾತು ಎಮ್ಮೆಯ ಜೊತೆ ಬರುತ್ತದೆ.

ನೀಲಾಂಬಿಕಾ ಅವರು ಬೈಲಹೊಂಗಲದವರು. 1992ರಲ್ಲಿ ಗಂಡನ ಜೊತೆ, ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ಇಲ್ಲಿಗೆ ಬಂದರು. ಗಂಡ ಚಂದ್ರಮೋಹನ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುತ್ತಿದ್ದರು. ಬಹಳ ಸಂಭಾವಿತರು, ಈಗಿಲ್ಲ. 1996ರ ಚಳಿಗಾಲದಲ್ಲಿ ಪೆಂಬರ್‌ಲೀ ಶಾಲೆಗೆ ಲಂಚ್‌ರೂಮ್ ಸೂಪರ್‌ವೈಜರ್ ಬೇಕಾಗಿದ್ದರು. ಹೆಸರು ದೊಡ್ಡದು, ಕೆಲಸ ಏನೆಂದರೆ ಮಧ್ಯಾಹ್ನ ಮಕ್ಕಳು ಊಟ ಮಾಡುವಾಗ ಜಿಮ್ಮಿನಲ್ಲಿ ನಿಂತು, ಯಾರೂ ಯಾರ ತಲೆಯ ಮೇಲೂ ಹಾಲು ಸುರಿಯದಂತೆ ನೋಡಿಕೊಳ್ಳುವುದು. ಊಟದ ಹೊತ್ತಿಗೆ ಹೋಗಿ, ಊಟದ ಹೊತ್ತು ಮುಗಿದ ಮೇಲೆ ಮನೆಗೆ. ಇವರು ಸೇರಿಕೊಂಡರು.

ಮೊದಲ ವಾರವೇ ಒಂದು ಅನಾಹುತವಾಯಿತು. ಹೊಸ ಕೆಲಸ ಎಂದು ಖುಷಿಯಿಂದ ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿ ಮಕ್ಕಳಿಗೆ ಹಂಚಲು ಡಬ್ಬಿಯ ಮುಚ್ಚಳ ತೆಗೆದರು. ಶೇಂಗಾ ಎಂದರೆ ಕೆಲವು ಮಕ್ಕಳಿಗೆ ಉಸಿರೇ ನಿಲ್ಲುವಂಥ ಅಲರ್ಜಿ, ಈ ಶಾಲೆಯೊಳಗೆ ಅದನ್ನು ತರಲೇಬಾರದು ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ಪುಣ್ಯಕ್ಕೆ ಸೆಕ್ರೆಟರಿ ಓಡಿಬಂದು ಹಾವು ಹಿಡಿದ ಹಾಗೆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಸಾಗಿಸಿದರು. ಶೇಂಗಾ ಹಿಂಡಿ ಇಲ್ಲದೆ ತುತ್ತು ಇಳಿಯದ ಬೈಲಹೊಂಗಲದ ಹೆಂಗಸು ಅಂದಿನಿಂದ ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಮನೆಯಲ್ಲೂ ಶೇಂಗಾ ಮುಟ್ಟಲಿಲ್ಲ. ನಾನು ಅವರನ್ನು ಯಾವುದಕ್ಕಾದರೂ ಮೆಚ್ಚಿದ್ದರೆ ಮೊದಲು ಇದಕ್ಕೆ. ನನ್ನಿಂದ ಒಂದು ದಿನವೂ ಆಗದು.

ಆ ಕಾಲದಲ್ಲಿ ಅಲ್ಲಿ ಊಟದ ರೀತಿಯೇ ಬೇರೆ ಇತ್ತು. ಮಕ್ಕಳು ಅಂಚೆಡಬ್ಬಿಗೆ ಕಾಗದ ತುರುಕಿದ ಹಾಗೆ ಸ್ಯಾಂಡ್‌ವಿಚ್ಚನ್ನು ಬಾಯಿಗೆ ತುರುಕಿ ಆಟಕ್ಕೆ ಓಡುತ್ತಿದ್ದವು. ಯಾರು ಮೊದಲು ಮುಗಿಸುತ್ತಾರೋ ಅವರದು ಚೆಂಡು. ಕೊನೆಯಲ್ಲಿ ಉದ್ದನೆಯ ಬೆಂಚಿನ ಮೇಲೆ ಒಂದೇ ಒಂದು ಮಗು ಉಳಿಯುತ್ತಿತ್ತು. ಹೆಸರು ಕುಗನ್. ಜಾಫ್ನಾದ ಯುದ್ಧದಿಂದ ತಪ್ಪಿಸಿಕೊಂಡು ಬಂದವರ ಮಗ, ಒಂದನೆಯ ಗ್ರೇಡು. ಅನ್ನ ಬೇಳೆಯ ಡಬ್ಬಿ ಮುಂದಿಟ್ಟುಕೊಂಡು ಅಗುಳು ಎಣಿಸಿದ ಹಾಗೆ ಊಟ ಮಾಡುತ್ತಿದ್ದ. ಉಳಿದವರೆಲ್ಲ ಎದ್ದು ಹೋದ ಕೂಡಲೇ ಹೆದರಿ, ಅರ್ಧ ಊಟಕ್ಕೇ ಡಬ್ಬಿ ಮುಚ್ಚುತ್ತಿದ್ದ.

ನೀಲಾಂಬಿಕಾ ಅವರಿಗೆ ಇದನ್ನು ಸಹಿಸಲಾಗಲಿಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ಕೂತರೆ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವುದಿಲ್ಲ. ಕೈ ಒಣಗಿದರೂ ಸರಿ, ಮಾತಾಡುತ್ತ ಕೂರಬೇಕು. ಒಂದು ಮಧ್ಯಾಹ್ನ ಅವರು ಜಿಮ್ಮಿನ ಬಾಗಿಲಿಗೆ ಅಡ್ಡ ನಿಂತು, ಆಗ ಬರುತ್ತಿದ್ದ ಅಷ್ಟೂ ಇಂಗ್ಲಿಷನ್ನು ಒಟ್ಟುಗೂಡಿಸಿ ಹೇಳಿದರು:

“ನೋ ಗೆಟ್ಟಿಂಗ್ ಅಪ್! ಸಮ್‌ಬಡಿ ಈಸ್ ಸ್ಟಿಲ್ ಈಟಿಂಗ್!”

ಮಕ್ಕಳು ಗಲಾಟೆ ಮಾಡಿದವು. ಕಾಲು ಬಡಿದವು. ಒಬ್ಬ ಅತ್ತ. ಇವರು ಬಾಗಿಲು ಬಿಡಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಮಕ್ಕಳಿಗೆ ಬೇರೆ ದಾರಿ ಕಾಣದೆ ಕುಗನ್‌ನ ಸುತ್ತ ಸೇರಿ ಮಾತಾಡಿಸತೊಡಗಿದವು. ಅವನ ಒಂದೊಂದು ತುತ್ತಿಗೂ ಹಾಕಿ ಮ್ಯಾಚಿನಲ್ಲಿ ಗೋಲು ಬಿದ್ದ ಹಾಗೆ ಕೂಗತೊಡಗಿದವು. ಕೊನೆಯ ತುತ್ತಿಗೆ ಎದ್ದ ಕೂಗಿನಿಂದ ಛಾವಣಿಯ ಮೇಲಿನ ಹಿಮ ಜಾರಿ ಬಿತ್ತು ಎಂದು ಬೀಗತಿಯೇ ಹೇಳುತ್ತಾರೆ. ಇದರಲ್ಲಿ ನನ್ನ ಕೈವಾಡವಿಲ್ಲ. ಹುಡುಗ ಅಂದಿನಿಂದ ಡಬ್ಬಿ ಖಾಲಿ ಮಾಡತೊಡಗಿದ.

ಮಕ್ಕಳ ಆಟದ ಹೊತ್ತು ಹಾಳಾಗುತ್ತಿದೆ ಎಂದು ಕೆಲವು ತಂದೆತಾಯಿಗಳು ದೂರು ಕೊಟ್ಟರು. ಆಗಿನ ಪ್ರಿನ್ಸಿಪಾಲರು ವಿಚಾರಣೆ ಮಾಡಲು ಬಂದು, ತಾವೂ ಮಕ್ಕಳ ಜೊತೆ ಕೂತು ಊಟಕ್ಕೆ ತೊಡಗಿದರು. ಅಷ್ಟರಲ್ಲಿ ಯಾರೋ ಬಂದು ಏನೋ ಕೇಳಿದರು, ಮಾತಿಗೆ ಮಾತು ಬೆಳೆಯಿತು, ಸಾಹೇಬರ ಸ್ಯಾಂಡ್‌ವಿಚ್ಚು ಕೈಯಲ್ಲೇ ಉಳಿಯಿತು. ತಲೆಯೆತ್ತಿ ನೋಡಿದರೆ ಇಡೀ ಶಾಲೆ ಕೈಕಟ್ಟಿಕೊಂಡು ತಮ್ಮ ಬಾಯನ್ನೇ ನೋಡುತ್ತಿದೆ. ಗಬಗಬ ನುಂಗಿ ಎದ್ದುಹೋದವರು ಆಮೇಲೆ ಆ ವಿಷಯ ಎತ್ತಲಿಲ್ಲ. ಪ್ರಿನ್ಸಿಪಾಲರು ಬದಲಾದರು, ಟೀಚರುಗಳು ಬದಲಾದರು, ಪಂಕ್ತಿಯ ನಿಯಮ ಉಳಿಯಿತು.

ಇಷ್ಟೆಲ್ಲ ಮಾಡಿದವರು ಶಾಲೆಯ ಒಂದು ಫೋಟೊದಲ್ಲೂ ಇಲ್ಲ. ವರಾಂಡದ ಗೋಡೆಯ ಮೇಲೆ ಪ್ರತಿ ವರ್ಷದ ಸ್ಟಾಫ್ ಫೋಟೊ ತೂಗುಹಾಕಿದ್ದಾರೆ. ಫೋಟೊ ತೆಗೆಯುವುದು ಬೆಳಿಗ್ಗೆ, ಇವರ ಕೆಲಸ ಮಧ್ಯಾಹ್ನ. ಇವರು ಅದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ. ಆದರೆ ಮೊಮ್ಮಗಳನ್ನು ಕರೆತರಲು ನಾವು ಜೊತೆಗೆ ಹೋದಾಗಲೆಲ್ಲ ಆ ಗೋಡೆಯ ಮುಂದೆ ಅವರ ನಡಿಗೆ ನಿಧಾನವಾಗುವುದನ್ನು ನಾನು ನೋಡಿದ್ದೇನೆ.

2018ಕ್ಕೆ ಶಾಲೆಗೆ ನೂರು ತುಂಬಿತು. ಅದೇ ಜೂನ್‌ನಲ್ಲಿ ಇವರು ನಿವೃತ್ತಿಯಾಗುವವರಿದ್ದರು. ಶತಮಾನೋತ್ಸವದ ಕಮಿಟಿಗೆ ಮಿಸ್ಟರ್ ವಿಟ್‌ಲಾಕ್ ಮುಖ್ಯಸ್ಥರು. ಅಲ್ಲೇ ಎಷ್ಟೋ ವರ್ಷ ಚರಿತ್ರೆ ಕಲಿಸಿದವರು; ಊಟಕ್ಕೆ ಮಾತ್ರ ಸ್ಟಾಫ್ ರೂಮು ಬಿಟ್ಟು ಜಿಮ್ಮಿಗೆ ಬಂದವರಲ್ಲ. ಉದ್ದನೆಯ, ಸಣಕಲು, ಮೆತ್ತನೆಯ ಮನುಷ್ಯ. ಹಳೆಯದು ಯಾವುದನ್ನು ಕಂಡರೂ ಅವರ ಕಣ್ಣು ತುಂಬಿಬರುತ್ತದೆ. ನನ್ನನ್ನು ಕಂಡಾಗಲೂ ಹಾಗೇ ಆಗಿತ್ತು. ಬಾಯ್ಲರ್ ಕೋಣೆ ಖಾಲಿ ಮಾಡಿಸುವಾಗ ಅವರಿಗೆ ಮರದ ಹಿಡಿಯ ಒಂದು ದೊಡ್ಡ ಹಿತ್ತಾಳೆ ಕೈಗಂಟೆ ಸಿಕ್ಕಿತ್ತು. ಎರಡು ಕೋಣೆಯ ಕಾಲದಲ್ಲಿ ಟೀಚರಮ್ಮ ಬಾಗಿಲಲ್ಲಿ ನಿಂತು ಬಾರಿಸುತ್ತಿದ್ದದ್ದು. ಕರೆಂಟಿನ ಬೆಲ್ಲು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಇಜ್ಜಲಿನ ಹಾಗೆ ಕಪ್ಪಗಾಗಿತ್ತು. ಅದನ್ನೇ ಸಮಾರಂಭದಲ್ಲಿ ಬಾರಿಸಬೇಕೆಂದು ತೀರ್ಮಾನವಾಯಿತು. ಬಾರಿಸುವವರು ಇಬ್ಬರು: ಬದುಕಿರುವವರಲ್ಲಿ ಅತ್ಯಂತ ಹಳೆಯ ವಿದ್ಯಾರ್ಥಿನಿ, ತೊಂಬತ್ತು ದಾಟಿದ ಮಾರ್ಜರಿ ಎನ್ನುವ ಅಜ್ಜಿ, ಮತ್ತು ಆ ವರ್ಷ ನಿವೃತ್ತರಾಗುವ ನಮ್ಮ ನೀಲಾಂಬಿಕಾ.

ಪ್ರಿನ್ಸಿಪಾಲ್ ಮೇಡಮ್ ಈ ವಿಷಯ ಹೇಳಿದ ದಿನ ಬೀಗತಿ ನಮ್ಮ ಮನೆಗೆ ಓಡಿಬಂದರು. ಕುಡಿಯಲು ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ನಿಂತಿದ್ದರು.

“ಬೀಗರ, ನನಗ ಸ್ಟೇಜ್ ಮ್ಯಾಲೆ ಕರದಾರ್ರೀ. ಫೋಟೊನೂ ತಗೀತಾರಂತ.”

“ಕ್ಯಾಮೆರಾ ಗಟ್ಟಿ ಐತೇನು ಕೇಳೀರೇನ್ರಿ?” ಎಂದೆ.

“ನಿಮ್ಮನ್ನ ತಗದ ಮ್ಯಾಲೂ ನಡೀತೈತಿ ಅಂದ್ರ ಗಟ್ಟೀನ ಇರಬೇಕು ಬಿಡ್ರಿ,” ಎಂದರು. ಅಂದು ಅವರ ಬಾಯಿ ಬಹಳ ಚುರುಕಾಗಿತ್ತು.

ಗಂಟೆ ಭಾರ, ಬಾರಿಸಿ ಅಭ್ಯಾಸ ಮಾಡಿಕೊಳ್ಳಿ ಎಂದು ವಿಟ್‌ಲಾಕ್ ಅದನ್ನು ಇವರ ಕೈಗೆ ಕೊಟ್ಟು ಮನೆಗೆ ಕಳಿಸಿದರು. ಆ ವಾರದ ಭಾನುವಾರ. ನಾನು ಚಹಾಕ್ಕೆಂದು ಅವರ ಅಪಾರ್ಟ್‌ಮೆಂಟಿಗೆ ಹೋದರೆ ಅಡುಗೆಮನೆಯ ಸಿಂಕಿನಲ್ಲಿ ದೇವರ ಮನೆಯ ದೀಪ, ತಂಬಿಗೆ, ಆರತಿ ತಟ್ಟೆ ಎಲ್ಲ ಗುಡ್ಡೆ ಬಿದ್ದಿವೆ. ನಡುವೆ ಆ ಗಂಟೆ. ಬೀಗತಿ ಸೆರಗು ಸಿಕ್ಕಿಸಿಕೊಂಡು ನೆನೆಸಿದ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದಾರೆ.

“ಇದೇನ್ರಿ ಅಕ್ಕಾರ, ಶಾಲೀ ಗಂಟಿಗೂ ಸ್ನಾನಾ?”

“ಮತ್ತ? ನಾಕ್ ಮಂದ್ಯಾಗ ಹಿಡಕೊಂಡು ನಿಂದ್ರಬೇಕು. ಇಂಥಾ ಕರಿ ಭಾಂಡಿ ಹಿಡದ್ರ ಮಂದಿ ಏನ್ ಅಂದಾರು? ನೂರು ವರ್ಷದ ಹಬ್ಬ ಐತ್ರಿ ಅದಕ. ಹಬ್ಬಕ್ಕ ಯಾರಾದ್ರೂ ತೊಳೀದ ಹಿತ್ತಾಳಿ ಇಡ್ತಾರೇನು?”

“ಅವರೇನು ತೊಳೀರಿ ಅಂದಾರೇನ್ರಿ?”

“ಹೇಳಬೇಕೇನ್ರಿ ಅದನ್ನ? ಒಬ್ಬರ ಮನಿ ಸಾಮಾನು ನಮ್ಮ ಮನಿಗೆ ಬಂದ್ರ ತೊಳದು ಕಳಸೂದು ಪದ್ಧತಿ.”

ಹುಣಸೆಹಣ್ಣು ಸೋಕಿದ ಕಡೆಯೆಲ್ಲ ಕಪ್ಪು ಕರಗಿ ಒಳಗಿನಿಂದ ಹೊಂಬಣ್ಣ ಮೇಲೆ ಬಂತು. ಕಿಟಕಿಯ ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುವಂತಾಯಿತು. ಒಮ್ಮೆ ಬಾರಿಸಿ ನೋಡಿದರು. ಕೆಳಗಿನ ಮಹಡಿಯವರು ಬೆಂಕಿ ಬಿತ್ತೆಂದು ಕಾರಿಡಾರಿಗೆ ಬಂದರು.

ಆಗ ನನಗೆ ನಮ್ಮ ಶಾಲೆಯ ಗಂಟೆ ನೆನಪಾಯಿತು. ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು. ಜವಾನ ತಿಪ್ಪಣ್ಣ ಅದಕ್ಕೆ ಕಬ್ಬಿಣದ ಸಲಾಕೆಯಿಂದ ಹೊಡೆದರೆ ಹುಬ್ಬಳ್ಳಿ ಕಡೆ ಹೊರಟ ಗೂಡ್ಸ್ ಗಾಡಿ ಸಿಗ್ನಲ್ ಎಂದುಕೊಂಡು ನಿಂತುಬಿಡುತ್ತಿತ್ತು. ಕೆರೆಯಲ್ಲಿ ಮಲಗಿದ ಎಮ್ಮೆಗಳು ಸಂಜೆಯ ಗಂಟೆ ಕೇಳಿದ ಕೂಡಲೇ ತಾವಾಗಿ ಎದ್ದು ಮನೆಗೆ ಹೋಗುತ್ತಿದ್ದವು. ನಮ್ಮ ಮನೆಯ ಎಮ್ಮೆ ಒಂದು ಭಾನುವಾರ ಗಂಟೆ ಕೇಳಿಸಲಿಲ್ಲವೆಂದು ಶಾಲೆಯ ಬಾಗಿಲಿಗೇ ಬಂದು ನಿಂತಿತು. ತಿಪ್ಪಣ್ಣ ಬಂದು ‘ಇವತ್ತು ಸೂಟಿ ಐತವ್ವಾ’ ಎಂದು ಹೇಳಿದ ಮೇಲೆಯೇ ತಿರುಗಿದ್ದು. ಅದು ಏಳನೆಯ ಇಯತ್ತೆ ಪಾಸಾಗುವುದೊಂದೇ ಬಾಕಿ ಇತ್ತು.

ಎಮ್ಮೆ ಬಂದು ಹೋಯಿತು. ಇನ್ನು ಮುಂದೆ ಎಲ್ಲ ನಿಜ.

ಸೋಮವಾರ ಬೀಗತಿ ಗಂಟೆಯನ್ನು ಹೊಸ ಟವೆಲಿನಲ್ಲಿ ಸುತ್ತಿ, ಖಾಲಿ ಕಳಿಸಬಾರದೆಂದು ಜೊತೆಗೊಂದು ಡಬ್ಬಿ ಬೇಸನ್ ಉಂಡಿ ಇಟ್ಟುಕೊಂಡು ಶಾಲೆಗೆ ಹೋದರು. ಟವೆಲು ಬಿಚ್ಚಿದಾಗ ವಿಟ್‌ಲಾಕ್ ಕುರ್ಚಿ ಹಿಡಿದುಕೊಂಡರಂತೆ. ಆ ಕಪ್ಪು ಕೊಳೆಯಲ್ಲವಂತೆ. ನೂರು ವರ್ಷದ ಕೈಗಳು, ನೂರು ವರ್ಷದ ಗಾಳಿ ಸೇರಿ ಆದ ಬಣ್ಣವಂತೆ. ಹಳೆಯ ಲೋಹದ ಮೇಲಿನ ಆ ಬಣ್ಣವೇ ಅದರ ಚರಿತ್ರೆ, ಒಮ್ಮೆ ತಿಕ್ಕಿ ತೆಗೆದರೆ ಮುಗಿಯಿತು, ಮತ್ತೆ ಬರಲು ಇನ್ನೊಂದು ನೂರು ವರ್ಷ ಬೇಕಂತೆ. ಬೈದಿದ್ದರೆ ಇವರು ತಡೆದುಕೊಳ್ಳುತ್ತಿದ್ದರು. ಆ ಮನುಷ್ಯ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ನಿಮ್ಮ ಮನಸ್ಸು ಒಳ್ಳೆಯದು, ಗೊತ್ತು. ಆದರೆ ಕಮಿಟಿಯವರಿಗೆ ನಾನು ಏನು ಹೇಳಲಿ?” ಎಂದರು. ಕಮಿಟಿ ಕೂಡಿತು. ಗಂಟೆಯನ್ನು ಮಾರ್ಜರಿ ಅಜ್ಜಿ ಒಬ್ಬರೇ ಬಾರಿಸುವುದೆಂದೂ, ನೀಲಾಂಬಿಕಾ ಅವರು ಊಟದ ಏರ್ಪಾಡು ನೋಡಿಕೊಳ್ಳುವುದೆಂದೂ ತೀರ್ಮಾನವಾಯಿತು.

ಆ ವಾರ ಬೀಗತಿ ನನ್ನ ಯಾವ ಚೇಷ್ಟೆಗೂ ಉತ್ತರ ಕೊಡಲಿಲ್ಲ. ಶುಕ್ರವಾರ ಸಂಜೆ ನಾನೇ ಹೋದೆ.

“ನಾಳಿ ನಾ ಬರಂಗಿಲ್ರಿ ಬೀಗರ,” ಎಂದರು. “ನೂರು ವರ್ಷದ್ದನ್ನ ಒಂದು ಮುಂಜಾನ್ಯಾಗ ತೊಳದು ಹಾಕಿದಾಕಿ ಅಂತ ಮಂದಿ ನೋಡ್ತಾರ. ಬಾರಸೂದು ಹೋತು, ಹೋಗ್ಲಿ. ಅಲ್ಲೆ ನಿಂತು ಮತ್ತೊಬ್ಬರು ಬಾರಸೂದು ಹೆಂಗ ನೋಡ್ಲಿ?”

“ಊಟಾ ಯಾರು ನೋಡಕೋತಾರ್ರಿ ಮತ್ತ?”

“ಯಾರಾದ್ರೂ ನೋಡಕೋತಾರ.”

“ಅಷ್ಟು ಮಂದಿ ಹುಡುಗೂರು, ನೀವಿಲ್ಲಂದ್ರ ನುಂಗಿ ಓಡಿ ಹೋಗ್ತಾವು. ಹೋಗ್ಲಿ ಬಿಡ್ರಿ. ನೀವು ಕಲಿಸಿದ್ದು ನಿಮ್ಮ ಕೂಡೇನ ಮುಗೀತು.”

ಅವರು ನನ್ನನ್ನು ದುರುಗುಟ್ಟಿ ನೋಡಿದರು. “ಭಾಳ ಶಾಣ್ಯಾ ಅದೀರಿ,” ಎಂದರು. ಮರುದಿನ ಬೆಳಿಗ್ಗೆ ಅವರ ಬಾಗಿಲು ತಟ್ಟಿದಾಗ ಇಳಕಲ್ ಸೀರೆ ಉಟ್ಟು, ಉಂಡಿಯ ದೊಡ್ಡ ಡಬ್ಬಿ ಹಿಡಿದು ತಯಾರಾಗಿ ನಿಂತಿದ್ದರು. ಮುಖ ಮಾತ್ರ ತಯಾರಾಗಿರಲಿಲ್ಲ.

ಜಿಮ್ಮಿನ ತುಂಬ ಜನ. ಉದ್ದುದ್ದ ಟೇಬಲ್ಲು. ಈಗಿನ ಮಕ್ಕಳು, ಹಿಂದೆ ಓದಿದವರು, ಅವರ ಮಕ್ಕಳು. ಬೋರ್ಡಿನ ದೊಡ್ಡವರೂ ಬಂದಿದ್ದರು. ಮೊದಲು ಊಟ, ಆಮೇಲೆ ಗಂಟೆ, ಗಂಟೆಯಾದ ಮೇಲೆ ಎಲ್ಲರೂ ಹಳೆಯ ಕೋಣೆಗಳನ್ನು ನೋಡಲು ಹೋಗುವುದು. ಮುಂದಿನ ಟೇಬಲ್ಲಿನಲ್ಲಿ ಮಾರ್ಜರಿ ಅಜ್ಜಿ. ಹಕ್ಕಿಯಂಥ ಶರೀರ, ತಲೆಯ ಮೇಲೆ ನೀಲಿ ಟೋಪಿ. ಅವರ ಪಕ್ಕದಲ್ಲೇ ಗಂಟೆ. ಅದರ ಹೊಳಪು ಕಾಣದಿರಲೆಂದು ವಿಟ್‌ಲಾಕ್ ಮೇಲೊಂದು ಬಿಳಿ ಬಟ್ಟೆ ಮುಚ್ಚಿದ್ದರು. ನಮ್ಮ ಬೀಗತಿ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಜ್ಯೂಸು ಹಂಚುತ್ತ, ಅತ್ತ ಕಡೆ ತಿರುಗಿಯೂ ನೋಡದೆ ನಿಂತಿದ್ದರು. ನಾನು ಸೌಮ್ಯಾಳ ಪಕ್ಕ ಕೂತಿದ್ದೆ.

ಊಟ ಮುಗಿಯುತ್ತ ಬಂತು. ವಿಟ್‌ಲಾಕ್ ಗಡಿಯಾರ ನೋಡಿಕೊಂಡು ಮೈಕಿನ ಮುಂದೆ ನಿಂತರು. “ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಈಗ ನಮ್ಮ ಶಾಲೆಯ ಗಂಟೆ ಬಾರಿಸುತ್ತೇವೆ.”

ಬೋರ್ಡಿನ ದೊಡ್ಡವರು ಎದ್ದರು. ಟೀಚರುಗಳಲ್ಲಿ ಕೆಲವರು ಎದ್ದರು. ನಾನೂ ಅರ್ಧ ಎದ್ದೆ. ಸೌಮ್ಯಾ ನನ್ನ ಅಂಗಿ ಹಿಡಿದು ಜಗ್ಗಿದಳು.

“ಅಜ್ಜಾ, ಸಿಟ್ ಡೌನ್! ಯು ಕಾಂಟ್!”

ಸುತ್ತ ನೋಡಿದೆ. ಒಂದು ಮಗುವೂ ಎದ್ದಿರಲಿಲ್ಲ. ಮಕ್ಕಳಷ್ಟೇ ಅಲ್ಲ, ಕೋಟು ಹಾಕಿದವರು, ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡ ತಾಯಂದಿರು, ಗಡ್ಡ ಬಿಟ್ಟ ಗಂಡಸರು, ಬೇಲಿ ಗೂಟದ ಹಾಗೆ ಕೂತಲ್ಲೇ ಕೂತಿದ್ದಾರೆ. ಮೈಕು ಕೆಟ್ಟಿದೆ ಎಂದುಕೊಂಡು ವಿಟ್‌ಲಾಕ್ ಅದನ್ನು ತಟ್ಟಿ ಇನ್ನೊಮ್ಮೆ ಹೇಳಿದರು. ಯಾರೂ ಅಲುಗಲಿಲ್ಲ.

ಆಗ ನಡುವಿನ ಟೇಬಲ್ಲಿನಿಂದ ಸಿಟಿ ಬಸ್ ಡ್ರೈವರಿನ ಯೂನಿಫಾರ್ಮಿನಲ್ಲಿದ್ದ ಒಬ್ಬ ದಪ್ಪನೆಯ ಯುವಕ, ಕೂತಲ್ಲಿಂದಲೇ ಕೈಯೆತ್ತಿ, ಬಹಳ ಮರ್ಯಾದೆಯಿಂದ ಹೇಳಿದ:

“ಸಾರಿ, ಸರ್. ಸಮ್‌ಬಡಿ ಈಸ್ ಸ್ಟಿಲ್ ಈಟಿಂಗ್.”

ಅವನೇ ಕುಗನ್. ಶಿಫ್ಟಿನ ನಡುವೆ ಬಿಡುವು ಮಾಡಿಕೊಂಡು ಬಂದಿದ್ದ. ಅವನ ತಟ್ಟೆ ಫಳಫಳ ಖಾಲಿ ಇತ್ತು.

ಎಲ್ಲರ ಕಣ್ಣೂ ಮುಂದಿನ ಟೇಬಲ್ಲಿಗೆ ತಿರುಗಿದವು. ಮಾರ್ಜರಿ ಅಜ್ಜಿ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ಮೊದಲ ತುಂಡನ್ನೇ ಇನ್ನೂ ಮುಗಿಸಿರಲಿಲ್ಲ. ಬೋರ್ಡಿನ ದೊಡ್ಡವರು ಅತ್ತಿತ್ತ ನೋಡಿ ಮೆಲ್ಲನೆ ಕೂತರು. ವಿಟ್‌ಲಾಕ್ ಮೈಕಿನ ಮುಂದೆ ಒಬ್ಬರೇ ಉಳಿದರು. ನೋಡಿದರು, ನೋಡಿದರು, ಕೊನೆಗೆ ಅವರೂ ಕೂತರು.

ಅಜ್ಜಿಗೆ ಗಾಬರಿ. “ಇವರೆಲ್ಲ ನನಗಾಗಿ ಕಾಯುತ್ತಿದ್ದಾರೆಯೇ? ಈ ಪದ್ಧತಿ ಯಾರು ಮಾಡಿದ್ದು? ನಮ್ಮ ಕಾಲದಲ್ಲಿ ನಿಧಾನಕ್ಕೆ ತಿಂದರೆ ಪಕ್ಕದವನು ಕಿತ್ತುಕೊಳ್ಳುತ್ತಿದ್ದ!”

ಜಿಮ್ಮಿನ ನಾಲ್ಕೂ ಮೂಲೆಯಿಂದ ಒಂದೇ ಸಲ ಕೂಗು ಎದ್ದಿತು: “ಮಿಸ್ ನೀಲಾ!”

ಕೂಗಿದವರಲ್ಲಿ ಆರು ವರ್ಷದವರೂ ಇದ್ದರು, ತಲೆಗೂದಲು ಉದುರಿದವರೂ ಇದ್ದರು. ಅಡುಗೆಮನೆಯ ಬಾಗಿಲಲ್ಲಿ ಬೀಗತಿಯ ಕೈಯಲ್ಲಿನ ಜ್ಯೂಸು ಲೋಟ ತುಂಬಿ ಹೊರಗೆ ಹರಿಯುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಅಜ್ಜಿ ಬೆರಳು ಆಡಿಸಿ ಹತ್ತಿರ ಕರೆದರು. ಇವರು ಸೆರಗು ಸರಿಮಾಡಿಕೊಳ್ಳುತ್ತ ಹೋಗಿ ಪಕ್ಕದಲ್ಲಿ ನಿಂತರು. ಅವರಿಗೆ ಕುರ್ಚಿ ಎಳೆಯುವಾಗ ಅಜ್ಜಿಯ ಮೊಳಕೈ ತಾಗಿ ಗಂಟೆಯ ಮೇಲಿನ ಬಟ್ಟೆ ಜಾರಿ ಬಿತ್ತು.

ಜಿಮ್ಮಿನ ದೀಪವೆಲ್ಲ ಗಂಟೆಯ ಮೇಲೆ ಬಿತ್ತು.

ವಿಟ್‌ಲಾಕ್ ಅರ್ಧ ಎದ್ದರು. “ಕ್ಷಮಿಸಿ ಮೇಡಮ್, ಅದು ಹೀಗಿರಲಿಲ್ಲ, ಒಂದು ಸಣ್ಣ ಅಚಾತುರ್ಯ—”

“ಹೀಗಿರಲಿಲ್ಲವೇ?” ಅಜ್ಜಿ ಗಂಟೆಯ ಮೇಲೆ ಕೈಯಿಟ್ಟರು. “ಹೀಗೇ ಇತ್ತು. ಪ್ರತಿ ಶುಕ್ರವಾರ ಇಬ್ಬರು ಹುಡುಗಿಯರು ವಿನಿಗರ್ ಮತ್ತು ಉಪ್ಪು ಹಾಕಿ ಉಜ್ಜಬೇಕಿತ್ತು. ಟೀಚರು ಇದರಲ್ಲಿ ತಮ್ಮ ಬೈತಲೆ ನೋಡಿಕೊಳ್ಳುತ್ತಿದ್ದರು. ಬೈತಲೆ ಕಾಣಿಸದಿದ್ದರೆ ಮತ್ತೆ ಉಜ್ಜಬೇಕು. ಕಪ್ಪಾಗಿದ್ದರೆ ನಾವು ಮನೆಗೆ ಹೋಗುವ ಹಾಗೇ ಇರಲಿಲ್ಲ!” ಎಂದವರೇ ಟೋಪಿ ಓರೆ ಮಾಡಿ, ಗಂಟೆಯಲ್ಲಿ ತಮ್ಮ ಬಿಳಿ ಕೂದಲ ಬೈತಲೆ ನೋಡಿಕೊಂಡರು. “ಕಾಣಿಸುತ್ತಿದೆ. ಯಾರು ಉಜ್ಜಿದ್ದು?”

“ನಾನೇ,” ಎಂದರು ಬೀಗತಿ.

ಅಜ್ಜಿ ಗಂಟೆ ತಿರುವಿ ಒಳಗೆ ಬೆರಳಾಡಿಸಿ ನೋಡಿದರು. “ಇಲ್ಲೊಂದು ಕಲೆ ಉಳಿದಿದೆ. ನಮ್ಮ ಟೀಚರಾಗಿದ್ದರೆ ನಿನ್ನನ್ನು ವಾಪಸು ಕಳಿಸುತ್ತಿದ್ದರು,” ಎಂದು ನಕ್ಕರು.

ವಿಟ್‌ಲಾಕ್ ಗಂಟೆಯನ್ನು ಇನ್ನೊಮ್ಮೆ ನೋಡಿದರು. ಹಾಗಾದರೆ ಆ ಕಪ್ಪು ಬಾಯ್ಲರ್ ಕೋಣೆಯ ಹೊಗೆ, ಅಷ್ಟೇ. ಆಮೇಲೆ ಅವರೂ ನಗತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಕನ್ನಡಕ ತೆಗೆಯುವಷ್ಟು. ಬಹಳ ದೊಡ್ಡ ಮನುಷ್ಯ. ಬೀಗತಿಯ ಮುಂದೆ ಬಂದು ಸ್ವಲ್ಪ ಬಾಗಿ, “ಮಿಸೆಸ್ ನೀಲಾಂಬಿಕಾ, ನಾನು ಚರಿತ್ರೆಯನ್ನು ಬಟ್ಟೆ ಮುಚ್ಚಿ ಇಟ್ಟಿದ್ದೆ. ದಯವಿಟ್ಟು ನೀವೇ ಬಾರಿಸಿ,” ಎಂದರು. ತನ್ನ ಕೈಗೆ ಶಕ್ತಿಯಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ ಎಂದರು ಅಜ್ಜಿ. ಎಲ್ಲರೂ ಕಾದರು; ಅವರು ನಿಧಾನವಾಗಿ ತಿಂದು, ಸ್ಯಾಂಡ್‌ವಿಚ್ಚಿನ ಕೊನೆಯ ತುಂಡು ಬಾಯಿಗೆ ಹಾಕಿಕೊಂಡು ಖಾಲಿ ತಟ್ಟೆಯನ್ನು ಎತ್ತಿ ತೋರಿಸಿದರು. ಕುಗನ್ ಶುರುಮಾಡಿದ, ಇಡೀ ಜಿಮ್ಮು ಗೋಲು ಬಿದ್ದ ಹಾಗೆ ಕೂಗಿತು.

ನೀಲಾಂಬಿಕಾ ಸ್ಟೇಜಿನ ಮೇಲೆ ನಿಂತರು. ಇಳಕಲ್ ಸೀರೆಯ ಕೆಂಪು ಸೆರಗು, ಕೈಯಲ್ಲಿ ಬಂಗಾರದಂಥ ಗಂಟೆ. ಕ್ಯಾಮೆರಾದವನು ಸಿದ್ಧನಾಗಿ ನಿಂತ. ಹಳ್ಳಿಯಲ್ಲಿ ರೈಲು ಕಂಬಿಯ ಸದ್ದಿಗೆ ಓಡಿದವನು, ಹುಬ್ಬಳ್ಳಿಯಲ್ಲಿ ಬಸ್ಸಿನ ಗಂಟೆ ಎಳೆದವನು ನಾನು. ಎಷ್ಟೋ ಗಂಟೆ ಕೇಳಿದ್ದೇನೆ. ಒಂದು ಗಂಟೆ ಬಾರಿಸುವ ಮೊದಲೇ ಎದೆ ಹೀಗೆ ಹೊಡೆದುಕೊಂಡದ್ದು ಅದೇ ಮೊದಲು. ನಮ್ಮ ಮನೆಯ ಬೀಗತಿ ಎಂದು ಪಕ್ಕದವನಿಗೆ ಹೇಳಿದೆ. ಅವನಿಗೆ ಕನ್ನಡ ಬಾರದು. ಇನ್ನೊಮ್ಮೆ ಹೇಳಿದೆ.

ಅವರು ಗಂಟೆ ಮೇಲೆತ್ತಿದರು. ಎತ್ತಿದವರು ಹಾಗೇ ನಿಂತರು. ಇಷ್ಟು ವರ್ಷದ ಅಭ್ಯಾಸ. ಬಾರಿಸುವ ಮೊದಲು ಒಂದೊಂದೇ ಟೇಬಲ್ಲನ್ನು ಕಣ್ಣಲ್ಲೇ ಎಣಿಸಿಕೊಂಡು ಬಂದರು. ನಮ್ಮ ಟೇಬಲ್ಲಿಗೆ ಬಂದು ಅವರ ಕಣ್ಣು ನಿಂತಿತು. ನನ್ನ ತಟ್ಟೆಯಲ್ಲಿ ಅರ್ಧ ಬೇಸನ್ ಉಂಡಿ ಇತ್ತು. ಅದು ಮೂರನೆಯದೆಂದು ಸೌಮ್ಯಾ ಹೇಳುತ್ತಾಳೆ, ನಂಬಬೇಡಿ.

ಗಂಟೆ ಮೇಲೆ, ಕ್ಯಾಮೆರಾ ಸಿದ್ಧ, ಜಿಮ್ಮಿನ ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದಾರೆ. ಸ್ಟೇಜಿನ ಮೇಲಿಂದ ಬೈಲಹೊಂಗಲದ ಧ್ವನಿ ಬಂತು:

“ಲಗೂನ ನುಂಗ್ರಿ ಬೀಗರ! ನೂರು ವರ್ಷ ಕಾದೈತಿ ಶಾಲಿ!”

ನುಂಗಿದೆ. ಅವರು ಬಾರಿಸಿದರು. ಎಲ್ಲರೂ ಎದ್ದರು.